ಬರ್ತೋ ಸತ್ತಿದ್ದು ಮುನ್ನೂರ ತೊಂಬತ್ತೊಂದನೇ ಪುಟದಲ್ಲಿ

ಬಂಡ್ರಿ
19 ಜೂನ್ 2022

ಪಲ್ಲವಿ ಟೀಚರ್ ಅವರಿಗೆ,

ಉಚ್ಚೆಂಗಮ್ಮ ಬರೆಯುವ ಕಾಗದ. ಇದು ನಾನು ಬರೆಯುತ್ತಿರುವ ಮೊದಲ ಕಾಗದ. ಇದಕ್ಕೂ ಮುಂಚೆ ಎರಡು ಬರೆದು ಹರಿದು ಹಾಕಿದ್ದೇನೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಿಮಗೆ ಕಂಪ್ಲಿಯ ಕಾಲುವೆ ಕಚೇರಿಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕ ಮೇಲೆ ನಮ್ಮ ಸಂಜೆ ಶಾಲೆ ನಿಂತುಹೋಗಿದೆ. ಹದಿನಾಲ್ಕು ಹೆಂಗಸರಲ್ಲಿ ಕೆಲವರು ಬಸ್ಸಿನ ಬೋರ್ಡು ಓದುತ್ತಾರೆ, ಅಷ್ಟಕ್ಕೇ ಖುಷಿ. ಕೊನೆಯ ದಿನ ನೀವು “ಯಾರಿಗೆ ಏನು ಬೇಕು ಕೇಳ್ರಿ” ಅಂದಾಗ ನಾನು “ಭಾಳ ದಪ್ಪನ್ನ ಪುಸ್ತಕ ಕೊಡ್ರಿ” ಅಂದೆ. ಎಲ್ಲರೂ ನಕ್ಕರು. ನೀವು ನಗಲಿಲ್ಲ. ಮಾರನೇ ದಿನವೇ ತಂದುಕೊಟ್ಟಿರಿ. “ನಾನು ಇದನ್ನು ಎರಡು ಸಲ ಓದಿದ್ದೇನೆ” ಎಂದೂ ಹೇಳಿದಿರಿ. ಎಂಟುನೂರ ಹನ್ನೆರಡು ಪುಟ! ಅಂಗಡಿಯಲ್ಲಿ ತಕ್ಕಡಿಗೆ ಇಟ್ಟು ನೋಡಿದೆ, ಒಂದು ಕಿಲೋ ನೂರು ಗ್ರಾಂ.

ನನ್ನ ಗಂಡ ಗಾಳೆಪ್ಪ ನಿಮಗೆ ಗೊತ್ತಲ್ಲ, ಗಣಿ ಲಾರಿಗಳಿಗೆ ಅದಿರು ತುಂಬಿ ತುಂಬಿ ಸೊಂಟ ಹಿಡಿದುಕೊಂಡು ಈಗ ಕುರಿ ಕಾಯುತ್ತಾನೆ. ಅವನು ಪುಸ್ತಕ ನೋಡಿ, “ಇದು ಮುಗಿಯೋದ್ರಾಗ ನಮ್ಮಿಬ್ರದೂ ಮುಗೀತೈತಿ ಬಿಡು” ಅಂದ.

ಇವತ್ತಿಗೆ ಹನ್ನೊಂದನೇ ಪುಟ. ಕಥೆಯಲ್ಲಿ ಕತ್ರೀನಾ ಅನ್ನುವ ಹೆಂಗಸು, ಅವಳ ಗಂಡನ ಹಡಗು ಹಿಮದ ಸಮುದ್ರದಲ್ಲಿ ಕಾಣೆಯಾಗಿದೆ. ಊರವರೆಲ್ಲ ಅವನು ಸತ್ತ ಅಂದರೂ ಇವಳು ಒಪ್ಪಿಲ್ಲ. ಹಡಗು ಹುಡುಕುತ್ತಿದ್ದಾಳೆ. ನಾನೂ ಅವಳ ಜೊತೆ ಹೊರಟಿದ್ದೇನೆ.

ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿ.

ಉಚ್ಚೆಂಗಮ್ಮ


ಕಂಪ್ಲಿ
30 ಜೂನ್ 2022

ಪ್ರೀತಿಯ ಉಚ್ಚೆಂಗಮ್ಮಕ್ಕ,

ನಿಮ್ಮ ಕಾಗದವನ್ನು ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದೆ. ಒಂದು ವರ್ಷದ ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದವರು ಬರೆದದ್ದು ಎಂದರೆ ಯಾರೂ ನಂಬಲಿಲ್ಲ. ತಿದ್ದುವಂಥದ್ದೇನೂ ಇಲ್ಲ.

ಇಲ್ಲಿ ನನಗೆ ಭತ್ತದ ಗದ್ದೆ, ಬಾಳೆ ತೋಟಗಳ ನಡುವೆ ಓಡಾಟ. ನೀರು ಬಿಡುವ ಮೊದಲು ಕಾಲುವೆಯ ಹೂಳು ತೆಗೆಸಬೇಕು. ಲಿಂಗರಾಜ್ ಎಂಬ ಹಿರಿಯರೊಬ್ಬರು ತೂಬುಗಳನ್ನು ನೋಡಿಕೊಳ್ಳುತ್ತಾರೆ. ನನ್ನ ನಕಾಶೆಗಿಂತ ಅವರ ನೆನಪೇ ಸರಿಯಾಗಿರುತ್ತದೆ.

ಪುಸ್ತಕ ದೊಡ್ಡದಾಯಿತೇನೋ ಎಂದು ನನಗೆ ಅಳುಕು. ಕಷ್ಟವಾದರೆ ಪುಟ ಹಾರಿಸಿ, ಎಲ್ಲರೂ ಹಾಗೇ ಓದುತ್ತಾರೆ. ಮುಗಿಸಲೇಬೇಕೆಂಬ ಹಟ ಬೇಡ.

ನಿಮ್ಮ
ಪಲ್ಲವಿ


ಬಂಡ್ರಿ
24 ಜುಲೈ 2022

ಪಲ್ಲವಿ ಟೀಚರ್ ಅವರಿಗೆ,

ಪುಟ ಹಾರಿಸುವುದಿಲ್ಲ. ಕಳೆ ತೆಗೆಯುವಾಗ ಒಂದು ಸಾಲು ಬಿಟ್ಟು ಮುಂದೆ ಹೋದರೆ ಹೊಲದ ಯಜಮಾನ ಸುಮ್ಮನಿರುತ್ತಾನೆಯೇ?

ನೂರ ನಲವತ್ತಾರನೇ ಪುಟ. ದಿನಕ್ಕೆ ನಾಲ್ಕು ಪುಟದ ಹಾಗೆ ಬಂದಿದ್ದೇನೆ. ಕೆಲಸದಿಂದ ಬಂದು ಕೈಕಾಲು ತೊಳೆದು, ಬೆಳಕಿರುವಾಗಲೇ ಕಟ್ಟೆಯ ಮೇಲೆ ಕೂರುತ್ತೇನೆ. ಮೊದಲು ಬೆರಳಿಟ್ಟು ಓದುತ್ತಿದ್ದೆ. ಹೋದ ವಾರ ಒಂದು ದಿನ, ಹಡಗು ಬಿರುಗಾಳಿಗೆ ಸಿಕ್ಕ ಕಡೆ, ಬೆರಳು ಎಲ್ಲೋ ಹಿಂದೆ ಉಳಿದು ನಾನು ಮುಂದೆ ಹೋಗಿಬಿಟ್ಟಿದ್ದೆ. ಆಮೇಲೆ ಬೆರಳು ಇಡಲಿಲ್ಲ.

ಸಮುದ್ರ ನೋಡಿಲ್ಲ. ಟಿ.ಬಿ. ಡ್ಯಾಂ ನೋಡಿದ್ದೇನೆ. ಆಚೆ ದಡ ಕಾಣದ ಹಾಗೆ ಹಿನ್ನೀರು ನಿಂತಿರುತ್ತದಲ್ಲ, ಅದನ್ನೇ ನೆನೆದುಕೊಂಡು ಅದರ ಮೇಲೆ ಹಡಗು ಬಿಟ್ಟಿದ್ದೇನೆ. ಹಿಮವನ್ನು ಹೇಗೆ ನೆನೆಯಬೇಕೋ ತಿಳಿಯದು.

ಗಾಳೆಪ್ಪ ಕುರಿ ಹೊಡೆದುಕೊಂಡು ಬಂದವನು ಹಗ್ಗ ಕೂಡ ಕೆಳಗಿಡದೆ, “ಇವತ್ತು ಏನಾತು? ಮುದುಕ ಹುಷಾರದಾನ?” ಅಂತ ಕೇಳುತ್ತಾನೆ. ಮುದುಕ ಅಂದರೆ ಬರ್ತೋ. ಕತ್ರೀನಾಳನ್ನು ನಂಬಿ ಹಡಗಿಗೆ ಬಂದ ಮೊದಲ ನಾವಿಕ. ಎಪ್ಪತ್ತು ವರ್ಷ, ಹಲ್ಲಿಲ್ಲ, ಬಯ್ಯದೆ ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಇಬ್ಬರಿಗೂ ಅವನ ಮೇಲೆ ಜೀವ.

ಒಂದು ಮಾತು ಕೇಳುತ್ತೇನೆ. ನೀವು ಎರಡು ಸಲ ಓದಿದ್ದೀರಿ. ಕಥೆಯೆಲ್ಲ ಹೇಳಬೇಡಿ. ಬರ್ತೋ ಬದುಕಿ ಊರಿಗೆ ಬರುತ್ತಾನೋ ಇಲ್ಲವೋ, ಅಷ್ಟು ಹೇಳಿ. ಗಾಳೆಪ್ಪ ಕೇಳಲು ಹೇಳಿದ. ನಾನೂ ಕೇಳುತ್ತಿದ್ದೇನೆ.

ಉಚ್ಚೆಂಗಮ್ಮ


ಕಂಪ್ಲಿ
3 ಆಗಸ್ಟ್ 2022

ಪ್ರೀತಿಯ ಉಚ್ಚೆಂಗಮ್ಮಕ್ಕ,

ಹೊಳೆ ತುಂಬಿ ಕಂಪ್ಲಿ ಸೇತುವೆ ಮುಳುಗಿತ್ತು. ಆ ಗಡಿಬಿಡಿಯಲ್ಲಿ ಉತ್ತರ ತಡವಾಯಿತು.

ಬರ್ತೋ ಬಗ್ಗೆ ಚಿಂತೆ ಬೇಡ. ಬದುಕುತ್ತಾನೆ. ಕೊನೆಯಲ್ಲಿ ಹಡಗನ್ನು ದಡಕ್ಕೆ ತರುವವನೇ ಅವನು. ಗಾಳೆಪ್ಪಣ್ಣನಿಗೂ ಹೇಳಿ.

ಹಿಮ ಎಂದರೆ ಫ್ರಿಜ್ಜಿನೊಳಗೆ ಕಟ್ಟಿಕೊಳ್ಳುತ್ತದಲ್ಲ, ಅದೇ. ಎಷ್ಟು ಚೆನ್ನಾಗಿ ಓದುತ್ತಿದ್ದೀರಿ! ನಿಮ್ಮ ಟೀಚರ್ ಎಂದು ನನಗೆ ಹೆಮ್ಮೆ.

ಪಲ್ಲವಿ


ಬಂಡ್ರಿ
25 ಸೆಪ್ಟೆಂಬರ್ 2022

ಪಲ್ಲವಿ ಟೀಚರ್ ಅವರಿಗೆ,

ಎಲ್ಲರೂ ಕ್ಷೇಮ. ಮೆಕ್ಕೆಜೋಳ ಮುರಿಯುವ ಕೆಲಸ ಇದೆ. ಓದು ನಿಧಾನ. ನಾನು ಓದುವುದು ಸರಿಯೋ ತಪ್ಪೋ ಈಗೀಗ ಗೊತ್ತಾಗುವುದಿಲ್ಲ.

ಉಚ್ಚೆಂಗಮ್ಮ


ಕಂಪ್ಲಿ
20 ಅಕ್ಟೋಬರ್ 2022

ಪ್ರೀತಿಯ ಉಚ್ಚೆಂಗಮ್ಮಕ್ಕ,

ನಿಮ್ಮ ಕಾಗದ ಇಷ್ಟು ಚಿಕ್ಕದಾಗಿ ಎಂದೂ ಬಂದಿರಲಿಲ್ಲ. ಅಕ್ಷರಗಳು ಮಾತ್ರ ದೊಡ್ಡದಾಗಿವೆ, ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿವೆ. ದಣಿದು ಬರೆದಿರಬೇಕು.

ಓದುವುದು ಸರಿಯೋ ತಪ್ಪೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎಷ್ಟು ಅರ್ಥವಾದರೆ ಅಷ್ಟು ಲಾಭ. ಒಂದು ಸಾಲು ಬರೆಯಿರಿ.

ಪಲ್ಲವಿ


ಕಂಪ್ಲಿ
16 ನವೆಂಬರ್ 2022

ಪ್ರೀತಿಯ ಉಚ್ಚೆಂಗಮ್ಮಕ್ಕ,

ನಿಮ್ಮಿಂದ ಕಾಗದವಿಲ್ಲ. ನನಗೆ ಅರ್ಥವಾಗುತ್ತದೆ. ಇಡೀ ದಿನ ಹೊಲದಲ್ಲಿ ಬಗ್ಗಿ ಕೆಲಸ ಮಾಡಿ ಬಂದವರ ಕೈಗೆ ಅಷ್ಟು ದೊಡ್ಡ ಪುಸ್ತಕ ಕೊಟ್ಟಿದ್ದು ನನ್ನದೇ ತಪ್ಪು. ಅರ್ಧಕ್ಕೆ ಬಿಟ್ಟರೆ ನಾಚಿಕೆಪಡುವಂಥದ್ದಿಲ್ಲ.

ಇದರ ಜೊತೆ ಒಂದು ಪುಟ್ಟ ಪುಸ್ತಕ ಕಳಿಸಿದ್ದೇನೆ. ಅದೇ ಕಥೆ, ಮಕ್ಕಳಿಗಾಗಿ ಅರವತ್ತು ಪುಟದಲ್ಲಿ. ದೊಡ್ಡ ಅಕ್ಷರ, ಪುಟಕ್ಕೊಂದು ಚಿತ್ರ. ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕಿತು. ಒಂದು ಭಾನುವಾರದಲ್ಲಿ ಕಥೆ ಪೂರ್ತಿ ತಿಳಿಯುತ್ತದೆ. ಇದನ್ನು ಓದಿದರೂ ಓದಿದ ಹಾಗೇ.

ಪಲ್ಲವಿ


ಬಂಡ್ರಿ
11 ಡಿಸೆಂಬರ್ 2022

ಪಲ್ಲವಿ ಟೀಚರ್ ಅವರಿಗೆ,

ಬರ್ತೋ ಸತ್ತಿದ್ದಾನೆ. ಮುನ್ನೂರ ತೊಂಬತ್ತೊಂದನೇ ಪುಟದಲ್ಲಿ ಸತ್ತಿದ್ದಾನೆ. ಮೇಲಿಂದ ಒಂಬತ್ತನೇ ಸಾಲು.

ಇದನ್ನು ಸೆಪ್ಟೆಂಬರಿನಲ್ಲೇ ಬರೆಯಬೇಕಿತ್ತು. ಬರೆಯುವ ಧೈರ್ಯ ಇರಲಿಲ್ಲ. ನಡೆದದ್ದನ್ನು ಮೊದಲಿಂದ ಹೇಳುತ್ತೇನೆ.

ಆವತ್ತು ಆ ಪುಟ ಓದಿದೆ. ಹಿಮ ಒಡೆದು, ಒಬ್ಬ ಹುಡುಗ ನಾವಿಕನನ್ನು ಮೇಲಕ್ಕೆ ದಬ್ಬಿ, ಬರ್ತೋ ನೀರೊಳಗೆ ಹೋದ. ಅವನ ಟೊಪ್ಪಿಗೆ ಮಾತ್ರ ಮೇಲೆ ಉಳಿಯಿತು. ಅಳು ಬಂತು. ಅಷ್ಟರಲ್ಲಿ ನೀವು ಹೇಳಿದ್ದು ನೆನಪಾಯಿತು. ಟೀಚರ್ ಎರಡು ಸಲ ಓದಿದವರು, ಅವರು ಬದುಕುತ್ತಾನೆ ಅಂದಿದ್ದಾರೆ. ಹಾಗಾದರೆ ನಾನೇ ತಪ್ಪು ಓದಿದ್ದೇನೆ. ಮತ್ತೆ ಓದಿದೆ. ಮತ್ತೆ ಸತ್ತ. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಆಗಲೂ ಸತ್ತ.

ಆಗ ನನಗೆ ಬೇರೆ ಭಯ ಹಿಡಿಯಿತು. ಈ ಒಂದು ಪುಟ ತಪ್ಪು ಓದಿದರೆ, ಹಿಂದಿನ ಮುನ್ನೂರ ತೊಂಬತ್ತು ಪುಟವನ್ನೂ ತಪ್ಪೇ ಓದಿರಬಹುದು. ಕತ್ರೀನಾ, ಬಿರುಗಾಳಿ, ಎಲ್ಲ ನಾನೇ ಕಟ್ಟಿಕೊಂಡ ಕಥೆ ಇರಬಹುದು. ನನಗೆ ಓದಲು ಬರುವುದೇ ಇಲ್ಲವೇನೋ! ಗಾಳೆಪ್ಪ “ಮುದುಕ ಹುಷಾರದಾನ?” ಅಂದರೆ “ಅದಾನ” ಅನ್ನುತ್ತಿದ್ದೆ. ಅವನಿಗೆ ಸುಳ್ಳು ಹೇಳಿದ್ದು ಅದೇ ಮೊದಲಲ್ಲ, ಆದರೆ ಇದರಷ್ಟು ನೋವು ಯಾವುದರಲ್ಲೂ ಆಗಿರಲಿಲ್ಲ. ಪುಸ್ತಕವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

ಆಮೇಲೆ ನಿಮ್ಮ ಚಿಕ್ಕ ಪುಸ್ತಕ ಬಂತು. ಅದರಲ್ಲಿ ಬರ್ತೋ ನಗುತ್ತಾ ಹಡಗು ನಡೆಸುವ ಚಿತ್ರವೇ ಇದೆ. ಟೀಚರೂ ಬದುಕಿದ್ದಾನೆ ಅನ್ನುತ್ತಾರೆ, ಅಚ್ಚಾದ ಪುಸ್ತಕವೂ ಬದುಕಿದ್ದಾನೆ ಅನ್ನುತ್ತದೆ. ಸತ್ತ ಅನ್ನುವವಳು ನಾನೊಬ್ಬಳೇ.

ಎರಡು ವಾರ ಹಾಗೇ ಇದ್ದೆ. ಆಮೇಲೆ ಸಿಟ್ಟು ಬಂತು. ದೊಡ್ಡ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಪಂಚಾಯಿತಿ ಲೈಬ್ರರಿಗೆ ಹೋದೆ. ಅಲ್ಲಿ ಕನಕರಾಜ್ ಅಂತ ಇದ್ದಾರೆ, ಲೈಬ್ರರಿ ನೋಡಿಕೊಳ್ಳುವವರು. ಪುಟ ತೆಗೆದು ಮುಂದಿಟ್ಟು, “ಸರ್, ಇದೊಂದು ಪುಟ ಜೋರಾಗಿ ಓದ್ರಿ. ಏನೂ ಕೇಳಬ್ಯಾಡ್ರಿ” ಅಂದೆ. ಅವರು ಓದಿದರು. ಒಂಬತ್ತನೇ ಸಾಲು ಬಂತು.

“ಸತ್ನಲ್ರಿ ಪಾಪ” ಅಂದರು ಕನಕರಾಜ್.

“ಹೌದಲ್ರಿ! ಸತ್ನಲ್ರಿ!” ಅಂತ ನಾನು ಕೂಗಿಬಿಟ್ಟೆ. ಪೇಪರ್ ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಒಳ್ಳೆಯವನು ಸತ್ತದ್ದಕ್ಕೆ ಅಷ್ಟು ಖುಷಿಪಟ್ಟ ಹೆಂಗಸು ನಾನೊಬ್ಬಳೇ ಇರಬೇಕು. ನನಗೆ ಓದಲು ಬರುತ್ತದೆ, ಟೀಚರ್. ಮುನ್ನೂರ ತೊಂಬತ್ತೊಂದು ಪುಟವನ್ನೂ ನಾನು ಸರಿಯಾಗಿಯೇ ಓದಿದ್ದೇನೆ.

ಮನೆಗೆ ಬಂದು ಗಾಳೆಪ್ಪನಿಗೆ ನಿಜ ಹೇಳಿದೆ. ಅವನು ಆ ಸಂಜೆ ಊಟ ಮಾಡಲಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಎರಡು ಸಲ ಓದಿದವರು ಹೀಗೇಕೆ ಹೇಳಿದಿರಿ? ನನ್ನ ಮನಸ್ಸು ನೋಯಬಾರದೆಂದೋ? ಚಿಕ್ಕ ಪುಸ್ತಕವನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಅದನ್ನು ಓದಿದರೆ ಓದಿದ ಹಾಗಾಗುವುದಿಲ್ಲ.

ಉಚ್ಚೆಂಗಮ್ಮ


ಕಂಪ್ಲಿ
16 ಡಿಸೆಂಬರ್ 2022

ಉಚ್ಚೆಂಗಮ್ಮಕ್ಕ,

ನಾನು ಆ ಪುಸ್ತಕ ಓದಿಲ್ಲ.

ಎರಡು ಸಲವೂ ಇಲ್ಲ, ಒಂದು ಸಲವೂ ಇಲ್ಲ. ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆಗೆ ಬಹುಮಾನವಾಗಿ ಬಂದದ್ದು. ಮೂವತ್ತು ಪುಟ ಓದಿ ಕಪಾಟಿನಲ್ಲಿ ಇಟ್ಟೆ. ಶಾಲೆಯಲ್ಲಿದ್ದಾಗ ಆ ಅರವತ್ತು ಪುಟದ ಪುಸ್ತಕ ಓದಿದ್ದೆ. ನನಗೆ ಗೊತ್ತಿದ್ದ ಬರ್ತೋ ಅದರಲ್ಲಿರುವವನು. ಮಕ್ಕಳು ಅಳಬಾರದೆಂದು ಯಾರೋ ಅವನನ್ನು ಬದುಕಿಸಿದ್ದಾರೆ. ನನಗೆ ಅದೂ ಗೊತ್ತಿರಲಿಲ್ಲ.

ಹದಿನಾಲ್ಕು ಜನರ ಮುಂದೆ “ಓದಿಲ್ಲ” ಎನ್ನಲು ನಾಚಿಕೆಯಾಯಿತು. ಆಮೇಲೆ ನೀವು ಬರ್ತೋ ವಿಷಯ ಕೇಳಿದಾಗ “ಗೊತ್ತಿಲ್ಲ” ಎನ್ನಲು ಇನ್ನೂ ನಾಚಿಕೆ. ಎರಡು ಸಾಲಿನಲ್ಲಿ ಮುಗಿಸಿಬಿಟ್ಟೆ. ಅದರಿಂದ ನೀವು ಎರಡೂವರೆ ತಿಂಗಳು ನಿಮ್ಮ ಓದನ್ನೇ ನಂಬದೆ ಕೂತಿರಿ. ಅದು ಸಾಲದೆಂದು ನೀವು ಸೋತಿರೆಂದು ತಿಳಿದು ಮಕ್ಕಳ ಪುಸ್ತಕ ಕಳಿಸಿದೆ. ನಿಮ್ಮ ಕಾಗದವನ್ನು ಕಾಲುವೆ ದಂಡೆಯ ಮೇಲೆ ಓದಿದೆ. ಲಿಂಗರಾಜ್ ಅವರು “ಯಾಕ್ರಿ ಮೇಡಂ, ಮನಿಯಾಗೆ ಏನಾರ ಆತ?” ಎಂದರು. “ನಾನು ಒಬ್ಬರಿಗೆ ತಪ್ಪು ಮಾಡೀನ್ರಿ” ಎಂದೆ.

ಕ್ಷಮಿಸಿ ಎಂದು ಕೇಳುವುದು ಸುಲಭ. ಅದಕ್ಕಿಂತ ಮೊದಲು ಒಂದು ಕೆಲಸ ಇದೆ. ಇನ್ನೊಂದು ಪ್ರತಿ ಹುಡುಕಿ ತರುತ್ತೇನೆ, ಮೊದಲ ಪುಟದಿಂದ ಓದುತ್ತೇನೆ.

ಇನ್ನೊಂದು ಮಾತು. ನಿಮ್ಮ ಅಕ್ಷರಗಳು ಈ ಕಾಗದದಲ್ಲೂ ತುಂಬ ದೊಡ್ಡವು. ಅದು ದಣಿವಲ್ಲ ಎಂದು ಈಗ ಅನ್ನಿಸುತ್ತಿದೆ. ನಿಮ್ಮ ಕಣ್ಣು ಹೇಗಿದೆ? ನಿಜ ಹೇಳಿ.

ಪಲ್ಲವಿ


ಬಂಡ್ರಿ
28 ಡಿಸೆಂಬರ್ 2022

ಪಲ್ಲವಿಯವರಿಗೆ,

ನಿಮ್ಮ ಕಾಗದ ಓದಿ ಮೊದಲು ಬಹಳ ಸಿಟ್ಟು ಬಂತು. ಆಮೇಲೆ ನಗು ಬಂತು. ಇಂಜಿನಿಯರ್ ಓದಿದವರಿಗೂ ದಪ್ಪ ಪುಸ್ತಕ ಕಂಡರೆ ಭಯ ಅಂತ ಗೊತ್ತಾಯಿತು. ಸಿಟ್ಟು ಇನ್ನೂ ಸ್ವಲ್ಪ ಇದೆ. ಅದು ತಾನಾಗಿ ಹೋಗಬೇಕು, ನೀವು ಅವಸರ ಮಾಡಬೇಡಿ.

ಕಣ್ಣಿನ ವಿಷಯ. ಮಳೆಗಾಲದಿಂದಲೇ ಮಂಜು ಕವಿದ ಹಾಗೆ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ “ಪುಸ್ತಕ ಓದಿ ಕಣ್ಣು ಕೆಡಿಸ್ಕೊಂಡ್ಳು” ಅಂತಾರೆ, ಪುಸ್ತಕ ಕಿತ್ತು ಇಡುತ್ತಾರೆ ಅಂತ ಭಯ. ನಾನು ಪುಸ್ತಕ ಮೂಗಿಗೆ ಹಚ್ಚಿ ಹಿಡಿಯುವುದನ್ನು ಲೈಬ್ರರಿಯಲ್ಲಿ ನೋಡಿದ ಕನಕರಾಜ್ ಮನೆಯವರಿಗೆ ಹೇಳಿದರು. ಸೊಸೆ ಸುಮಲತಾ ಸಂಡೂರಿಗೆ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆಯಂತೆ, ಒಂದು ಬಲಿತಿದೆಯಂತೆ. ಓದಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದರು ಡಾಕ್ಟರು. ಅದನ್ನು ಸುಮಲತಾ ಬಾಯಿಂದ ಮನೆಯಲ್ಲಿ ಎರಡು ಸಲ ಹೇಳಿಸಿದೆ.

ಜನವರಿ ಆರಕ್ಕೆ ಹೊಸಪೇಟೆಯಲ್ಲಿ ಆಪರೇಷನ್. ಆಮೇಲೆ ಒಂದು ತಿಂಗಳು ಓದಬಾರದಂತೆ. ಸುಮಲತಾ, “ಅತ್ತಿ, ಉಳಿದಿದ್ದು ನಾನು ಓದಿ ಹೇಳ್ತೀನಿ ಬಿಡ್ರಿ” ಅಂದಳು. ಕನಕರಾಜ್ ಕೂಡ ಓದಿ ಕೇಳಿಸುತ್ತೇನೆ ಅಂದರು. ನೀವೂ ಬಂದು ಓದುತ್ತೇನೆ ಅಂತೀರಿ, ನನಗೆ ಗೊತ್ತು. ಯಾರೂ ಬೇಡ. ಬೇರೆಯವರು ಓದಿದರೆ ನನಗೆ ಕಥೆ ಸಿಗುತ್ತದೆ, ಆದರೆ ನಾನು ಓದಿದ ಹಾಗೆ ಆಗುವುದಿಲ್ಲ. ನಾನ್ನೂರ ಇಪ್ಪತ್ತೇಳನೇ ಪುಟದಲ್ಲಿ ದಾರದ ಗುರುತು ಇಟ್ಟಿದ್ದೇನೆ. ಕಣ್ಣು ಸರಿಯಾಗಿ ಕಂಡರೆ ಅಲ್ಲಿಂದ ಹೊರಡುತ್ತೇನೆ.

ಕಾಣದಿದ್ದರೆ ಏನು ಅಂತ ಭಯ ಇದೆ.

ಉಚ್ಚೆಂಗಮ್ಮ


ಕಂಪ್ಲಿ
13 ಫೆಬ್ರವರಿ 2023

ಉಚ್ಚೆಂಗಮ್ಮಕ್ಕ,

ಕಪ್ಪು ಕನ್ನಡಕ ಹಾಕಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ನಿಮ್ಮನ್ನು ನೋಡಿ ಬಂದು ಐದು ವಾರವಾಯಿತು. ನನ್ನ ಕೈಯಲ್ಲಿದ್ದ ಪುಸ್ತಕ ಮುಟ್ಟಿ ನೋಡಿ “ಎಷ್ಟನೇ ಪುಟ?” ಎಂದು ಕೇಳಿದಿರಲ್ಲ, ಬೇರೆ ಏನನ್ನೂ ಕೇಳದೆ! ಆಗ ನೂರ ಎಂಬತ್ತು. ನಿನ್ನೆ ಭಾನುವಾರ ಮುಗಿಸಿದೆ.

ಹಂಪಿಗೆ ಹೋಗಿದ್ದೆ. ಹೊಳೆ ದಂಡೆಯ ಬಂಡೆಯ ಮೇಲೆ ಬೆಳಿಗ್ಗೆ ಎಂಟಕ್ಕೆ ಕೂತವಳು ಮಧ್ಯಾಹ್ನ ಎದ್ದೆ. ತೆಪ್ಪದವನು ಎರಡು ಸಲ ಬಂದು “ಬರ್ತೀರೇನ್ರಿ ಆಚಿ ದಂಡಿಗೆ?” ಎಂದು ಕರೆದ. ನನಗೆ ಕೇಳಿಸಿದ್ದು ಮೂರನೇ ಸಲ. ಬೆನ್ನು ಬಿಸಿಲಿಗೆ ಸುಟ್ಟಿದೆ. ಕೊನೆಯ ಪುಟ ಮುಗಿದ ಮೇಲೆ ಅದರ ಹಿಂದಿನ ಖಾಲಿ ಹಾಳೆಯನ್ನೂ ತಿರುಗಿಸಿ ನೋಡಿದೆ, ಇನ್ನೇನಾದರೂ ಇದೆಯೇನೋ ಎಂದು. ಮುಗಿದಿದ್ದಕ್ಕೆ ಖುಷಿ, ಮುಗಿದುಹೋಯಿತಲ್ಲಾ ಎಂದು ಸಂಕಟ. ಇಪ್ಪತ್ತಾರು ವರ್ಷಕ್ಕೆ ನನಗೆ ಇದು ಮೊದಲನೇ ಸಲ. ಪರೀಕ್ಷೆಗಾಗಿ ಎಷ್ಟೋ ಓದಿದ್ದೇನೆ, ಹೀಗೆ ಓದಿರಲಿಲ್ಲ.

ಈಗ ನನಗೆ ಕೊನೆ ಗೊತ್ತು. ನಿಜವಾಗಿಯೂ ಗೊತ್ತು. ನೀವು ಕೇಳಿದರೂ ಹೇಳುವುದಿಲ್ಲ. ಗಾಳೆಪ್ಪಣ್ಣ ಕೇಳಿದರೂ ಹೇಳುವುದಿಲ್ಲ.

ಓದಲು ಡಾಕ್ಟರು ಒಪ್ಪಿದರೇ?

ಪಲ್ಲವಿ


ಬಂಡ್ರಿ
2 ಏಪ್ರಿಲ್ 2023

ನನ್ನ ಪಲ್ಲವಿಗೆ,

ಮುಗಿಯಿತು.

ಈ ಒಂದು ಪದ ಬರೆಯಲು ಹತ್ತು ನಿಮಿಷ ತೆಗೆದುಕೊಂಡೆ. ಬರೆದು ಬರೆದು ನೋಡಬೇಕು ಅನ್ನಿಸುತ್ತದೆ. ಮುಗಿಯಿತು. ಇವತ್ತು ಬೆಳಿಗ್ಗೆ, ಗಾಳೆಪ್ಪ ಕುರಿ ಬಿಟ್ಟುಕೊಂಡು ಹೋದ ಮೇಲೆ, ಎಂಟುನೂರ ಹನ್ನೆರಡು.

ಕಣ್ಣು ಚೆನ್ನಾಗಿ ಕಾಣುತ್ತಿದೆ. ಕಟ್ಟು ಬಿಚ್ಚಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಸಣ್ಣ ಅಕ್ಷರದ ತಿಥಿಯೂ ಕಾಣಿಸಿತು. ನಮ್ಮ ಮನೆಯಲ್ಲಿ ಇಷ್ಟು ಜೇಡ ಇದೆ ಅಂತಲೂ ಆವತ್ತೇ ಗೊತ್ತಾಯಿತು. ತಿಂಗಳು ಕಳೆದು ಡಾಕ್ಟರು ಓದಬಹುದು ಅಂದ ಮೇಲೆ ದಿನಕ್ಕೆ ಎಂಟು, ಒಂಬತ್ತು ಪುಟ ಓದಿದೆ. ಕೊನೆಯ ಇಪ್ಪತ್ತು ಪುಟಕ್ಕೆ ಬಂದಾಗ ಮಾತ್ರ ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ. ಮುಟ್ಟಿದರೆ ಮುಗಿದುಹೋಗುತ್ತದೆ. ಸುಮಲತಾ “ಅತ್ತಿ, ಮದುವಿ ಮಾಡಿಕೊಟ್ಟ ಮಗಳು ಗಂಡನ ಮನಿಗೆ ಹೊಂಟಂಗ ಮಾಡಾಕತ್ತೀರಿ” ಅಂತ ನಕ್ಕಳು.

ನೀವು ಓದಿದ್ದೀರಿ, ಆದ್ದರಿಂದ ಹೇಳುತ್ತೇನೆ. ಕತ್ರೀನಾಗೆ ಗಂಡ ಸಿಗಲಿಲ್ಲ. ಅವನು ಹಿಮದಲ್ಲಿ ಕಟ್ಟಿದ ಗುಡಿಸಲು ಸಿಕ್ಕಿತು, ಅವನ ಕೈಯಿಂದ ಮಾಡಿದ ಕುರ್ಚಿ ಸಿಕ್ಕಿತು. ನನಗೆ ಪುಸ್ತಕ ಮುಚ್ಚಿಬಿಡಬೇಕು ಅನ್ನಿಸಿತು, ಇಷ್ಟು ದೂರ ಬಂದು ಇಷ್ಟೇನಾ ಅಂತ. ಆದರೆ ಅವಳು ಅಲ್ಲಿಗೇ ಬಿಡಲಿಲ್ಲವಲ್ಲ. ಬೇರೆ ಹಡಗಿನ ಹನ್ನೊಂದು ಜನ ಆ ಹಿಮದಲ್ಲಿ ಸಾಯುತ್ತಾ ಕೂತಿದ್ದರು. ಅವರನ್ನು ಕಟ್ಟಿಕೊಂಡು ಏಳು ವರ್ಷದ ಮೇಲೆ ಊರಿಗೆ ಬಂದಳು. ಬಂದರಿನಲ್ಲಿ ಯಾರೂ ಗುರುತು ಹಿಡಿಯಲಿಲ್ಲ. ಅವಳು ನಡೆದುಕೊಂಡು ತನ್ನ ಮನೆಗೆ ಹೋದಳು, ಬಾಗಿಲು ತೆಗೆದಳು, ಒಲೆ ಹಚ್ಚಿದಳು. ಅಲ್ಲಿಗೆ ಮುಗಿಯಿತು.

ಒಲೆ ಹಚ್ಚಿದಳು! ನಾನು ದಿನಾ ಮಾಡುವ ಕೆಲಸ. ಅದನ್ನು ಇಷ್ಟು ದೊಡ್ಡ ಪುಸ್ತಕದ ಕೊನೆಯಲ್ಲಿ ಇಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ಪುಸ್ತಕ ಮುಚ್ಚಿ ಎದೆಗೆ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಒಳಗೆ ಇರಲಾಗಲಿಲ್ಲ. ಯಾರಿಗಾದರೂ ಹೇಳಬೇಕು. ಬೀದಿ ನಲ್ಲಿಗೆ ನೀರು ಬಂದಿತ್ತು, ಹೆಂಗಸರೆಲ್ಲ ಅಲ್ಲಿದ್ದರು. ಕೊಡ ಇಲ್ಲದೆ, ಪುಸ್ತಕ ಹಿಡಿದುಕೊಂಡು ಹೋದೆ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ನನಗೆ ಗೊತ್ತೇ ಇಲ್ಲ. ಊರಮ್ಮ ಓಡಿ ಬಂದಳು. ನಮ್ಮ ಸಂಜೆ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳಲ್ಲ, ಅವಳೇ.

“ಯಾಕವ್ವ ಅಳಾಕತ್ತಿ? ಯಾರು ಹೋದ್ರು?”

“ಯಾರೂ ಹೋಗಿಲ್ಲ ಬಿಡು. ಪುಸ್ತಕ ಮುಗೀತು.”

“ಅಷ್ಟೂನಾ?”

“ಅಷ್ಟೂ.”

ಊರಮ್ಮ ಪುಸ್ತಕ ಇಸಕೊಂಡು ಕೈಯಲ್ಲಿ ಎತ್ತಿ ನೋಡಿದಳು. ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ಲೇ, ನಮ್ಮ ಉಚ್ಚೆಂಗಿ ಇಷ್ಟೂ ಓದ್ಯಾಳಂತ್ರಲೇ!” ಅಂದಳು. ನೀರಿಗೆ ಬಂದವರೆಲ್ಲ ಸುತ್ತ ನಿಂತರು. ಒಬ್ಬಳು “ಅದ್ರಾಗ ಏನೈತಿ ಹೇಳು” ಅಂದಳು. ನಾನು ಒಲೆ ಹಚ್ಚಿದ್ದನ್ನು ಹೇಳಲು ಬಾಯಿ ತೆಗೆದೆ. ಹೇಳಲಿಲ್ಲ. ಕೊನೆ ಹೇಳುವುದಿಲ್ಲ ಅಂತ ನೀವು ಬರೆದದ್ದು ನೆನಪಾಯಿತು. “ಹಿಂಗ ಹೇಳಾಕ ಬರಂಗಿಲ್ಲ, ಮೊದಲಿಂದ ಓದಬೇಕು” ಅಂದೆ. “ಹಂಗಾದ್ರ ಓದು ಮತ್ತ” ಅಂತ ಊರಮ್ಮ ಕೊಡ ಬೋರಲು ಹಾಕಿ ಅದರ ಮೇಲೆ ಕೂತಳು.

ನಲ್ಲಿ ಕಟ್ಟೆಯ ಮೇಲೆ ಕೂತು ಮೊದಲ ಪುಟದಿಂದ ಓದಿದೆ. ಜೋರಾಗಿ. ಊರವರ ಮುಂದೆ ನಾನು ಅಷ್ಟು ಜೋರಾಗಿ ಮಾತಾಡಿದ್ದೇ ಇಲ್ಲ. ಕೊಡಗಳು ತುಂಬಿ ಹರಿದವು. ನೀವು ನೀರಿನ ಕಚೇರಿಯವರು, ಬಯ್ಯಬೇಡಿ, ಸ್ವಲ್ಪ ಹೊತ್ತಾದ ಮೇಲೆ ಯಾರೋ ನಿಲ್ಲಿಸಿದರು.

ನಾಲ್ಕನೇ ಪುಟದಲ್ಲಿ ಬರ್ತೋ ಬೈಯುತ್ತಾ ಬಾಗಿಲು ತಟ್ಟಿದ. ಎಲ್ಲರೂ ನಕ್ಕರು. ನನಗೂ ನಗು ಬಂತು. ನಾಳೆಯಿಂದ ಕೆಲಸ ಬಿಟ್ಟ ಮೇಲೆ ಸಂಜೆ ಓದುವುದು ಅಂತಾಗಿದೆ. ಶಾಲೆಯ ಬೀಗದ ಕೈ ಕೇಳಲು ಕನಕರಾಜ್ ಹೋಗಿದ್ದಾರೆ. ಎಂಟು ಜನ ಬರುತ್ತೇವೆ ಅಂದಿದ್ದಾರೆ. ಗಾಳೆಪ್ಪನೂ ಬರುತ್ತಾನಂತೆ, ಬಾಗಿಲ ಹತ್ತಿರ ಕೂರುತ್ತಾನಂತೆ.

ಒಂದು ಭಾನುವಾರ ಬನ್ನಿ. ಊರಮ್ಮನಿಗೆ ಒತ್ತಕ್ಷರ ಇನ್ನೂ ತೊಡಕು. ನಾನು ಹೇಳಿಕೊಟ್ಟರೆ ಜಗಳಕ್ಕೆ ಬರುತ್ತಾಳೆ.

ಉಚ್ಚೆಂಗಮ್ಮ